ಟೈರಿನ ಪೂರ್ತಿ ಅಳತೆ ರಸೀದಿಯಲ್ಲಿ ಇರಲಿ

ಮಾನ್ಯ ಸಂಪಾದಕರೇ,

ಕಂಪನಿಯಿಂದ ಬಂದ ಉಕ್ಕಿನ ಡಿಸ್ಕ್ ತೆಗೆಸಿ ಹೊರಗಿನ ಅಂಗಡಿಯಲ್ಲಿ ಅಲಾಯ್ ವೀಲ್ ಹಾಕಿಸುವ ಶೋಕಿ ಈಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಷ್ಟೇ ಉಳಿದಿಲ್ಲ, ತಾಲ್ಲೂಕು ಕೇಂದ್ರಗಳ ಟೈರ್ ಅಂಗಡಿಗಳ ಗೋಡೆಗಳಲ್ಲೂ ಬಗೆಬಗೆಯ ವೀಲ್‌ಗಳು ನೇತಾಡುತ್ತಿವೆ. ಇದಕ್ಕೆ ನನ್ನ ಆಕ್ಷೇಪವಿಲ್ಲ. ಆಕ್ಷೇಪವಿರುವುದು ಈ ವ್ಯಾಪಾರ ನಡೆಯುವ ಕ್ರಮದ ಬಗ್ಗೆ. ಗ್ರಾಹಕರು ವಿನ್ಯಾಸವನ್ನೂ ಇಂಚನ್ನೂ ನೋಡಿ ವೀಲ್ ಆರಿಸುತ್ತಾರೆ, ಆ ಇಂಚಿಗೆ ಕೂರುವ ಟೈರುಗಳಲ್ಲಿ ಅಂದು ಅಂಗಡಿಯಲ್ಲಿ ಯಾವುದು ದಾಸ್ತಾನಿದೆಯೋ ಅದನ್ನು ತೊಡಿಸಿ ಕಳುಹಿಸಲಾಗುತ್ತದೆ, ಕೈಗೆ ಬರುವ ರಸೀದಿಯಲ್ಲಿ ‘ಅಲಾಯ್ 16 ಇಂಚು – 4, ಟೈರ್ – 4’ ಎಂಬಷ್ಟೇ ಬರಹವಿರುತ್ತದೆ. ಆಟೊಮೊಬೈಲ್ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾದವನಾದ್ದರಿಂದ ನೆರೆಹೊರೆಯವರು ಇಂತಹ ರಸೀದಿಗಳನ್ನು ತಂದು ‘ಸರಿಯಿದೆಯೇ ನೋಡಿ ಸಾರ್’ ಎನ್ನುವುದುಂಟು. ಅದನ್ನು ನೋಡಿ ಹೇಳಲು ಏನೂ ಇರುವುದಿಲ್ಲ. ಟೈರಿನ ಬಳಿಯೇ ಕುಕ್ಕರುಗಾಲಿನಲ್ಲಿ ಕೂತು ಅದರ ಮೈಮೇಲಿನ ಅಂಕಿಗಳನ್ನು ಓದಬೇಕಾಗುತ್ತದೆ.

ಆ ಅಂಕಿಗಳಲ್ಲಿ ಬೇಕಾದುದೆಲ್ಲ ಇದೆ. 185/65 ಆರ್15 88ಎಚ್ ಎಂದಿದ್ದರೆ ಟೈರಿನ ಅಗಲ 185 ಮಿ.ಮೀ., ಅದರ ಪಕ್ಕದ ಎತ್ತರ ಆ ಅಗಲದ ಶೇ 65, ಆರ್ ಎಂದರೆ ರೇಡಿಯಲ್ ರಚನೆ, ಒಳಗಿನ ರಿಮ್ಮಿನ ವ್ಯಾಸ 15 ಇಂಚು. 88 ಎಂಬುದು ಒಂದು ಟೈರು ಹೊರಬಲ್ಲ ಭಾರದ ಸಂಕೇತ, ಅಂದರೆ 560 ಕಿಲೊ. ಎಚ್ ಎಂಬುದು ಗಂಟೆಗೆ 210 ಕಿ.ಮೀ. ವೇಗದ ಮಿತಿ. ಅಂಗಡಿಯ ಮಾತುಕತೆಯಲ್ಲಿ ಕೊನೆಯ 15 ಮಾತ್ರ ಕೇಳಿಬರುತ್ತದೆ. ಆದರೆ ಕಾರಿಗೆ ಮುಖ್ಯವಾದುದು ರಿಮ್ಮಿನ ಇಂಚಲ್ಲ, ಟೈರು ಸೇರಿದ ಇಡೀ ಚಕ್ರದ ಹೊರವ್ಯಾಸ. ಗೇರುಗಳ ಲೆಕ್ಕ, ಸ್ಪೀಡೋಮೀಟರಿನ ಲೆಕ್ಕ, ಮಡ್‌ಗಾರ್ಡಿನೊಳಗಿನ ಜಾಗ ಎಲ್ಲವೂ ಆ ಹೊರವ್ಯಾಸವನ್ನು ನಂಬಿಕೊಂಡಿವೆ. ಅದನ್ನು ಕಂಡುಹಿಡಿಯುವುದು ಹೈಸ್ಕೂಲು ಗಣಿತ: ಇಂಚನ್ನು 25.4ರಿಂದ ಗುಣಿಸಿ, ಪಕ್ಕದ ಎತ್ತರದ ಎರಡರಷ್ಟನ್ನು ಕೂಡಿಸಿದರೆ ಆಯಿತು.

ಇದನ್ನು ಕಾರು ತಯಾರಕರೇ ಹೇಗೆ ಪಾಲಿಸುತ್ತಾರೆ ಎನ್ನುವುದಕ್ಕೆ ನಮ್ಮ ರಸ್ತೆಗಳಲ್ಲಿ ಎಲ್ಲೆಲ್ಲೂ ಕಾಣುವ ಮಾರುತಿ ಸ್ವಿಫ್ಟ್ ಒಳ್ಳೆಯ ಉದಾಹರಣೆ. ಅದರ ಕಡಿಮೆ ಬೆಲೆಯ ಮಾದರಿಗೆ 165/80 ಆರ್14 ಟೈರು, ಮೇಲಿನ ದರ್ಜೆಯ ಮಾದರಿಗೆ 185/65 ಆರ್15. ಲೆಕ್ಕ ಹಾಕಿದರೆ ಮೊದಲನೆಯದರ ಹೊರವ್ಯಾಸ 619.6 ಮಿ.ಮೀ., ಎರಡನೆಯದರದು 621.5. ರಿಮ್ ಒಂದಿಂಚು ಬೆಳೆದಿದೆ, ಚಕ್ರ ಎರಡು ಮಿ.ಮೀ. ಕೂಡ ಬೆಳೆದಿಲ್ಲ. ಇನ್ನೊಂದಿಂಚು ಮುಂದಕ್ಕೆ ಹೋಗಿ 16 ಇಂಚು ಹಾಕಿಸುವವರಿಗೆ 195/55 ಆರ್16 ಹೊಂದುತ್ತದೆ, ಹೊರವ್ಯಾಸ 620.9. ಹದಿನೇಳೇ ಬೇಕೆನ್ನುವವರಿಗೆ 205/45 ಆರ್17 ಇದೆ, 616.3. ಆದರೆ ಅಂಗಡಿಯಲ್ಲಿ 205/60 ಆರ್16 ಇದೆಯೆಂದು ಅದನ್ನೇ ತೊಡಿಸಿದರೆ ಹೊರವ್ಯಾಸ 652ಕ್ಕೆ ಏರುತ್ತದೆ, ಅಂದರೆ ಶೇ 5ರಷ್ಟು ಹೆಚ್ಚಳ. ಮೀಟರು 100 ತೋರಿಸುವಾಗ ಕಾರು 105ರ ಆಸುಪಾಸಿನಲ್ಲಿ ಓಡುತ್ತದೆ, ಓಡಿದ ಕಿಲೊಮೀಟರು ಮೀಟರಿನಲ್ಲಿ ಕಡಿಮೆ ಬೀಳುತ್ತದೆ, ಏರಿನಲ್ಲಿ ಎಳೆತ ಸಾಲದು ಎನ್ನಿಸುತ್ತದೆ. ಆಗ ‘ಅಲಾಯ್ ಹಾಕಿಸಿದ ಮೇಲೆ ಮೈಲೇಜ್ ಬಿದ್ದಿದೆ’ ಎಂದು ಮೆಕ್ಯಾನಿಕ್ ಬಳಿ ಎಂಜಿನ್ ಬಿಚ್ಚಿಸಲು ಹೊರಡುವವರನ್ನೂ ನೋಡಿದ್ದೇನೆ. ವ್ಯತ್ಯಾಸ ಶೇ 2ರ ಒಳಗಿದ್ದರೆ ಚಿಂತೆಯಿಲ್ಲ. ಶೇ 3ನ್ನು ಮೀರಿದ ಅಳತೆಯನ್ನು ಯಾರೇ ಹೇಳಿದರೂ ಒಪ್ಪಬಾರದು.

ವ್ಯಾಸ ಹೊಂದಿದರೂ ಮಾತು ಮುಗಿಯುವುದಿಲ್ಲ. ರಿಮ್ ದೊಡ್ಡದಾದಷ್ಟೂ ಟೈರಿನ ಪಕ್ಕದ ಎತ್ತರ ಇಳಿಯುತ್ತದೆ: 185/65ರಲ್ಲಿ 120 ಮಿ.ಮೀ. ಇದ್ದುದು 195/55ರಲ್ಲಿ 107ಕ್ಕೆ, 205/45ರಲ್ಲಿ 92ಕ್ಕೆ ಬರುತ್ತದೆ. ಗುಂಡಿಯ ಏಟನ್ನು ನುಂಗಿಕೊಳ್ಳುವುದು ಈ ಪಕ್ಕದ ರಬ್ಬರೇ. ಅದು ತೆಳ್ಳಗಾದಾಗ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಒಳಗಿನ ದಾರಗಳು ಕತ್ತರಿಸುತ್ತವೆ, ಹೊರಗೆ ನಿಂಬೆಹಣ್ಣಿನ ಗಾತ್ರದ ಉಬ್ಬು ಏಳುತ್ತದೆ. ಆ ಉಬ್ಬಿಗೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ, ಟೈರನ್ನೇ ಬದಲಿಸಬೇಕು. ಮಳೆಗಾಲದಲ್ಲಿ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವವರಿಗೆ, ರಾತ್ರಿ ಹೊತ್ತು ಬಣ್ಣ ಬಳಿಯದ ಹಂಪ್‌ಗಳನ್ನು ಹಾರುವ ನಮ್ಮಂತಹ ಊರಿನವರಿಗೆ ಒಂದಿಂಚಿಗಿಂತ ಹೆಚ್ಚು ಏರಿಸುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರು ಚೆಂದ ಕಾಣಬೇಕೆಂಬ ಆಸೆ ತಪ್ಪಲ್ಲ, ಆದರೆ ರಸ್ತೆ ಅದಕ್ಕೆ ಸಹಕರಿಸಬೇಕಲ್ಲ.

ಇನ್ನು ಭಾರದ ಸಂಕೇತ. ಇದನ್ನು ಕೇಳಿ ಕೊಳ್ಳುವವರು ಬಹಳ ಕಡಿಮೆ. 195/55 ಆರ್16ರಲ್ಲಿ ಸಾಮಾನ್ಯವಾಗಿ ಸಿಗುವುದು 87, ಅಂದರೆ 545 ಕಿಲೊ. 205/45 ಆರ್17ರಲ್ಲಿ 84 ಎಂದಿರುವ ಟೈರು ಹೊರುವುದು 500 ಕಿಲೊ ಮಾತ್ರ. ಇಬ್ಬರೇ ಓಡಾಡುವ ಸಣ್ಣ ಕಾರಿನಲ್ಲಿ ಇದು ಗಮನಕ್ಕೂ ಬಾರದು. ಆದರೆ ಅದೇ 185/65 ಆರ್15 ಅಳತೆಯೇ ಏಳು ಆಸನದ ಎರ್ಟಿಗಾದಲ್ಲೂ ಇದೆ. ಹಿಂದಿನ ಎರಡು ಸಾಲುಗಳಲ್ಲಿ ಜನ ತುಂಬಿ, ಮೇಲೆ ಸಾಮಾನು ಕಟ್ಟಿ, ಬೇಸಿಗೆಯ ಮಧ್ಯಾಹ್ನ ಹೆದ್ದಾರಿಯಲ್ಲಿ ಧರ್ಮಸ್ಥಳಕ್ಕೋ ಮಂತ್ರಾಲಯಕ್ಕೋ ಹೊರಟಾಗ 88ರ ಬದಲು 84ರ ಟೈರಿದ್ದು ಹಿಂದಿನ ಒಂದೊಂದು ಟೈರಿಗೂ 60 ಕಿಲೊ ಸಾಮರ್ಥ್ಯ ಕಡಿಮೆಯಾಗಿರುವುದು ಸಣ್ಣ ಸಂಗತಿಯಲ್ಲ; ಗಾಳಿಯೂ ಕಡಿಮೆಯಿದ್ದರೆ ಟೈರು ಕಾದು ಸಿಡಿಯುವುದಕ್ಕೆ ಬೇರೆ ಕಾರಣ ಬೇಕಿಲ್ಲ. 205/45 ಆರ್17ರಲ್ಲೇ 88 ಸಂಕೇತದ, ‘ಎಕ್ಸ್‌ಎಲ್’ ಎಂದು ಗುರುತಿರುವ ಗಟ್ಟಿ ಟೈರು ಸಿಗುತ್ತದೆ. ಅದಕ್ಕೆ ತುಸು ಹೆಚ್ಚು ಗಾಳಿ ಬೇಕು. ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ಬರೆದಿರುವ ಗಾಳಿಯ ಪ್ರಮಾಣ ಕಂಪನಿಯ ಅಳತೆಗೆ ಹೇಳಿದ್ದೇ ಹೊರತು ಬದಲಿಸಿದ ಅಳತೆಗಲ್ಲ. ಭಾರದ್ದಾಗಲಿ ವೇಗದ್ದಾಗಲಿ, ಕಂಪನಿ ಕೊಟ್ಟ ಸಂಕೇತಕ್ಕಿಂತ ಕೆಳಗಿಳಿಯಬಾರದು.

ವೀಲ್‌ನ ಕಡೆಗೂ ಕೆಲವು ಅಂಕಿಗಳಿವೆ. ಬೋಲ್ಟ್ ತೂತುಗಳ ವೃತ್ತವನ್ನು ಪಿಸಿಡಿ ಎನ್ನುತ್ತಾರೆ. ಸ್ವಿಫ್ಟಿಗೆ ಅದು 4×100, ಅಂದರೆ 100 ಮಿ.ಮೀ. ವ್ಯಾಸದ ವೃತ್ತದಲ್ಲಿ ನಾಲ್ಕು ತೂತು; ಕ್ರೆಟಾಗೆ 5×114.3. ಫೋಕ್ಸ್‌ವ್ಯಾಗನ್ ಗುಂಪಿನ ಹಲವು ಕಾರುಗಳಲ್ಲಿರುವ 5×112ಕ್ಕೂ 114.3ಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣದು, ನಟ್ಟು ಬಿಗಿದರೆ ಕೂತಂತೆಯೂ ತೋರುತ್ತದೆ, ಆದರೆ ಅದು ಓರೆಯಾಗಿ ಕೂತು ಓಟದಲ್ಲಿ ಸಡಿಲಗೊಳ್ಳುತ್ತದೆ. ವೀಲ್‌ನ ನಡುವಿನ ತೂತು, ಅದು ಕೂರುವ ಕಾರಿನ ಹಬ್‌ಗಿಂತ (ಚಕ್ರದ ಗುಂಬಕ್ಕಿಂತ) ದೊಡ್ಡದಿದ್ದರೆ ಆ ಸಂದು ತುಂಬುವ ರಿಂಗ್ ಹಾಕಲೇಬೇಕು. ರಿಮ್ಮಿನ ಅಗಲವೂ ಟೈರಿಗೆ ತಕ್ಕಂತಿರಬೇಕು: 195/55 ಆರ್16ಕ್ಕೆ ಐದೂವರೆಯಿಂದ ಏಳು ಇಂಚಿನ ಒಳಗೆ.

ಹೆಚ್ಚು ತೊಂದರೆ ಕೊಡುವುದು ಆಫ್‌ಸೆಟ್, ಅಂದರೆ ವೀಲ್‌ನ ಅಗಲದ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖಕ್ಕಿರುವ ದೂರ, ಮಿ.ಮೀ.ಗಳಲ್ಲಿ. ವೀಲ್‌ನ ಒಳಭಾಗದಲ್ಲಿ ‘ಇಟಿ 45’, ‘ಇಟಿ 35’ ಎಂದು ಕೊರೆದಿರುತ್ತದೆ. 45ರ ಜಾಗದಲ್ಲಿ 35 ಹಾಕಿದರೆ ವೀಲ್ 10 ಮಿ.ಮೀ. ಹೊರಕ್ಕೆ ಚಾಚುತ್ತದೆ, ರಿಮ್ಮೂ ಅರ್ಧ ಇಂಚು ಅಗಲವಾಗಿದ್ದರೆ ಇನ್ನೂ ಆರು ಮಿ.ಮೀ. ಸೇರುತ್ತದೆ. ಅಂಗಡಿಯ ಮುಂದೆ ಖಾಲಿ ಕಾರು ನಿಂತಿರುವಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಹಿಂದಿನ ಸೀಟಿನಲ್ಲಿ ಮೂವರು ಕೂತು ಹಂಪ್ ಹತ್ತಿಳಿದಾಗ, ಇಲ್ಲವೇ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿನ ಅಂಚಿಗೆ ಉಜ್ಜುವ ಸದ್ದು ಬರುತ್ತದೆ. ಇದಕ್ಕೆ ಮಡ್‌ಗಾರ್ಡಿನ ಅಂಚನ್ನೇ ಸುತ್ತಿಗೆಯಿಂದ ಮಡಚಿಕೊಡುವ ಅಂಗಡಿಗಳಿವೆ. ಹಾಗೆ ಮಾಡುವುದರಿಂದ ಸದ್ದು ನಿಲ್ಲುತ್ತದೆ, ವೀಲ್ ಬೇರಿಂಗಿನ ಮೇಲೆ ಬಿದ್ದ ಹೆಚ್ಚಿನ ಹೊರೆ ಹಾಗೆಯೇ ಇರುತ್ತದೆ.

ಸ್ಟೆಪ್ನಿಯನ್ನೂ ಮರೆಯುವಂತಿಲ್ಲ. ಅದು ಹಳೆಯ ಉಕ್ಕಿನ ಡಿಸ್ಕಿನಲ್ಲೇ ಉಳಿಯುವುದರಿಂದ ಹೊರವ್ಯಾಸ ಸಮನಾಗಿದ್ದರೆ ಮಾತ್ರ ದಾರಿಯಲ್ಲಿ ಕೆಲಸಕ್ಕೆ ಬರುತ್ತದೆ. ಅಲಾಯ್‌ಗೆ ಬೇರೆ ನಟ್ಟು ಕೊಟ್ಟಿದ್ದರೆ ಹಳೆಯ ನಟ್ಟುಗಳನ್ನು ಡಿಕ್ಕಿಯಲ್ಲಿ ಇಟ್ಟುಕೊಂಡಿರಬೇಕು.

ಟೈರಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ, ಸವೆದ ಟೈರಿನ ಮೇಲ್ಮೈ ಗೀರುಗಳ ಆಳ 1.6 ಮಿ.ಮೀ.ಗಿಂತ ಇಳಿಯಬಾರದೆಂಬ ನಿಯಮವಿದೆ. ಇಷ್ಟಿದ್ದರೂ ವೀಲ್ ಬದಲಿಸಿಕೊಡುವ ಅಂಗಡಿ ತಾನು ಏನನ್ನು ತೊಡಿಸಿದೆ ಎಂಬುದನ್ನು ಬರೆದುಕೊಡುವ ರೂಢಿ ನಮ್ಮಲ್ಲಿ ಬೆಳೆದಿಲ್ಲ. ಈ ಕಸುಬಿನಲ್ಲಿ ನುರಿತವರಿಗೆ ಮೇಲಿನ ಲೆಕ್ಕಗಳೆಲ್ಲ ಬಾಯಿಪಾಠ. ಅಂಥವರಿಗೆ ಬರೆದುಕೊಡಲು ಹಿಂಜರಿಕೆಯೂ ಇರಲಾರದು.

ಆದ್ದರಿಂದ ಟೈರು ಮತ್ತು ವೀಲ್ ಮಾರುವವರ ಸಂಘಗಳಿಗೂ ಸಾರಿಗೆ ಇಲಾಖೆಗೂ ತಮ್ಮ ಪತ್ರಿಕೆಯ ಮೂಲಕ ನನ್ನ ಕೋರಿಕೆ ಇಷ್ಟು: ವೀಲ್ ಬದಲಿಸಿದ ಪ್ರತಿ ರಸೀದಿಯಲ್ಲೂ ಕಂಪನಿಯ ಮೂಲ ಅಳತೆ, ಹೊಸ ಅಳತೆ, ಹೊರವ್ಯಾಸದ ವ್ಯತ್ಯಾಸ, ಭಾರ ಮತ್ತು ವೇಗದ ಸಂಕೇತ, ರಿಮ್ಮಿನ ಅಗಲ, ಆಫ್‌ಸೆಟ್ ಇವುಗಳನ್ನು ಕನ್ನಡದಲ್ಲಿ ನಮೂದಿಸಿ ಅಂಗಡಿಯ ಮುದ್ರೆ ಹಾಕಿಕೊಡುವಂತಾಗಲಿ. ಅಲ್ಲಿಯವರೆಗೆ, ಮುಂಗಡ ಹಣ ಕೊಡುವ ಮೊದಲು ಗ್ರಾಹಕರೇ ಒಂದು ಚೀಟಿಯಲ್ಲಿ ಇವನ್ನು ಬರೆಸಿಕೊಳ್ಳಲಿ. ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಟೈರು ಕೊಳ್ಳುವುದು ಬೇಡ.

– ನಿವೃತ್ತ ಆಟೊಮೊಬೈಲ್ ಬೋಧಕ, ಹಾಸನ