ಸಿನಿಮಾ ಮಾಡಲು ಹೊರಟ ಸೋದರ ಸೊಸೆಗೆ

ಚಿ. ಮೇಘನಾಳಿಗೆ ನಿನ್ನ ಸೋದರಮಾವನ ಅನೇಕ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮ ಸಮಾಚಾರಕ್ಕೆ ಆಗಾಗ ಬರೆಯುತ್ತಿರು.

ನಿನ್ನ ಪತ್ರ ತಲುಪಿತು. ಐದು ಜನ ಸ್ನೇಹಿತರು ತಲೆಗಿಷ್ಟೆಂದು ಹಣ ಹಾಕಿ, ತೀರ್ಥಹಳ್ಳಿಯ ಕಡೆಯ ಪಾಳುಬಿದ್ದ ತೊಟ್ಟಿಮನೆಯೊಂದನ್ನು ಹಿಡಿದು, ಆಕಾಶದಿಂದ ಬಿದ್ದ ಯಾವುದೋ ವಸ್ತುವಿನಿಂದ ಸುತ್ತಲಿನವರೆಲ್ಲ ಬದಲಾಗಿಹೋಗುವ ಕಥೆಯನ್ನು ಚಿತ್ರವಾಗಿಸುವುದಾಗಿ ಬರೆದಿದ್ದೀಯೆ. ನಿಮ್ಮಮ್ಮ ಫೋನಿನಲ್ಲಿ ಗೋಳಾಡಿದಳು. ನಾನು ಅವಳ ಪಕ್ಷ ವಹಿಸಲಿಲ್ಲ. ಇಷ್ಟು ಕಡಿಮೆ ದುಡ್ಡಿನಲ್ಲಿ ಇದು ಆಗುವ ಕೆಲಸವೇ ಎಂದು ನೀನು ಕೇಳಿದ್ದೀಯೆ. ಆಗುತ್ತದೆ. ಆದರೆ ಆದ ಮೇಲೆ ಆ ಚಿತ್ರ ಯಾರದಾಗಿ ಉಳಿಯುತ್ತದೆ ಎಂಬುದನ್ನು ನೀನು ಕೇಳಿಲ್ಲ. ಬಹುಕಾಲ ಗಾಂಧಿನಗರದ ಹಂಚಿಕೆ ಕಚೇರಿಯೊಂದರಲ್ಲಿ ಲೆಕ್ಕ ಬರೆದವನಿಗೆ ಆ ಕೇಳದ ಪ್ರಶ್ನೆಯೇ ಮೊದಲು ಕಣ್ಣಿಗೆ ಬೀಳುತ್ತದೆ. ಎರಡಕ್ಕೂ ಒಂದೇ ಚಿತ್ರದ ಚರಿತ್ರೆಯಲ್ಲಿ ಉತ್ತರವಿದೆಯಾದ್ದರಿಂದ ಅದನ್ನೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಮೆರಿಕದ ಪಿಟ್ಸ್‌ಬರ್ಗ್ 1960ರ ದಶಕದಲ್ಲಿ ಉಕ್ಕಿನ ಕಾರ್ಖಾನೆಗಳ ಊರಾಗಿತ್ತು, ಸಿನಿಮಾದ ಊರಲ್ಲ. ಅಲ್ಲಿ ಜಾರ್ಜ್ ರೊಮೆರೊ ಮತ್ತು ಅವರ ಗೆಳೆಯರು 'ಲೇಟೆಂಟ್ ಇಮೇಜ್' ಎಂಬ ಸಣ್ಣ ಕಂಪನಿ ಇಟ್ಟುಕೊಂಡು ಜಾಹೀರಾತು ಚಿತ್ರಗಳನ್ನು ಮಾಡಿ ಹೊಟ್ಟೆ ಹೊರೆಯುತ್ತಿದ್ದರು. ಪುಟ್ಟ ಮಕ್ಕಳ ಟೀವಿ ಕಾರ್ಯಕ್ರಮವೊಂದಕ್ಕೂ ರೊಮೆರೊ ದೃಶ್ಯಗಳನ್ನು ಚಿತ್ರಿಸಿಕೊಟ್ಟಿದ್ದರು. ಮುಂದೆ ಅವರು ಮಾಡಿದ್ದನ್ನು ನೋಡಿದವರಿಗೆ ಇದು ನಂಬಲಾಗದ ಸಂಗತಿ. 1967ರ ಹೊತ್ತಿಗೆ ಹತ್ತು ಜನ ಸೇರಿ ತಲೆಗೆ 600 ಡಾಲರ್ ಹಾಕಿ 'ಇಮೇಜ್ ಟೆನ್' ಎಂಬ ಸಂಸ್ಥೆ ಕಟ್ಟಿದರು. ಆ 6,000 ಡಾಲರ್ ಸಾಲದೆ ಇನ್ನಷ್ಟು ಜನರನ್ನು ಸೇರಿಸಿಕೊಂಡರು; ಕೊನೆಗೆ ಚಿತ್ರದ ಖರ್ಚು ಸುಮಾರು 1,14,000 ಡಾಲರ್‌ಗೆ ಬಂದು ನಿಂತಿತು. ಹಾಲಿವುಡ್‌ನ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು. ಆ ಚಿತ್ರವೇ 1968ರಲ್ಲಿ ಬಿಡುಗಡೆಯಾದ 'ನೈಟ್ ಆಫ್ ದ ಲಿವಿಂಗ್ ಡೆಡ್'.

ಕಥೆಯ ವಿಜ್ಞಾನ ಇಷ್ಟೇ: ಶುಕ್ರ ಗ್ರಹದಿಂದ ಮರಳುತ್ತಿದ್ದ ಶೋಧಕ ನೌಕೆಯೊಂದು ಭೂಮಿಯ ವಾತಾವರಣದಲ್ಲಿ ಸ್ಫೋಟಗೊಂಡಿದೆ, ಅದರ ವಿಕಿರಣದಿಂದ ಸತ್ತವರು ಎದ್ದು ಬದುಕಿರುವವರನ್ನು ತಿನ್ನತೊಡಗಿದ್ದಾರೆಂದು ತಜ್ಞರು ಶಂಕಿಸುತ್ತಾರೆ. ಆ ನೌಕೆಯನ್ನು ಚಿತ್ರದಲ್ಲಿ ಒಮ್ಮೆಯೂ ತೋರಿಸುವುದಿಲ್ಲ. ತೋಟದ ಮನೆಯೊಂದರಲ್ಲಿ ಸಿಕ್ಕಿಬಿದ್ದ ಏಳು ಜನಕ್ಕೆ ಸುದ್ದಿ ಬರುವುದು ರೇಡಿಯೊ ಮತ್ತು ಟೀವಿಯ ಮೂಲಕ; ಅಲ್ಲಿಯೂ ಸೇನಾಧಿಕಾರಿ ಒಂದು ಹೇಳಿದರೆ ವಿಜ್ಞಾನಿ ಇನ್ನೊಂದು ಹೇಳುತ್ತಾನೆ. ಟೀವಿ ವರದಿಗಾರನಾಗಿ ಬರುವ ಬಿಲ್ ಕಾರ್ಡಿಲ್ ಪಿಟ್ಸ್‌ಬರ್ಗಿನ ಟೀವಿಯಲ್ಲಿ ನಿಜವಾಗಿಯೂ ಪರಿಚಿತ ಮುಖ. ಆದ್ದರಿಂದ ಊರಿನ ಪ್ರೇಕ್ಷಕರಿಗೆ ಅದು ಸಾಕ್ಷಾತ್ ಸುದ್ದಿಯಂತೆಯೇ ಕಂಡಿರಬೇಕು. ನೀನು ಗ್ರಾಫಿಕ್ಸ್ ಮಾಡುವವರಿಗೆಂದು ತೆಗೆದಿರಿಸಿರುವ ಮೊತ್ತವನ್ನು ನೋಡಿದಾಗ ನನಗೆ ಇದೇ ನೆನಪಾಯಿತು. ಬಿದ್ದ ವಸ್ತುವನ್ನು ತೋರಿಸಲೇಬೇಕೇ ಎಂದು ಇನ್ನೊಮ್ಮೆ ಯೋಚಿಸು. ಆಕಾಶವಾಣಿಯ ಪ್ರದೇಶ ಸಮಾಚಾರದ ಧಾಟಿಯಲ್ಲಿ ಒಂದು ಧ್ವನಿ ಅದನ್ನು ಹೇಳಿದರೆ ನಮ್ಮ ಕಡೆಯ ಜನ ಹೆಚ್ಚು ಹೆದರುತ್ತಾರೆಂದು ನನ್ನ ಎಣಿಕೆ.

ಅವರಿಗೆ ಮನೆ ಸಿಕ್ಕಿದ ಬಗೆಯೂ ನಿಮ್ಮದರಂತೆಯೇ. ಪಿಟ್ಸ್‌ಬರ್ಗಿನ ಉತ್ತರಕ್ಕಿರುವ ಇವಾನ್ಸ್ ಸಿಟಿಯ ಬಳಿ ಕೆಡವಲಿದ್ದ ಹಳೆಯ ಮನೆಯೊಂದನ್ನು ಹಿಡಿದರು. ಅದರಲ್ಲಿ ನಲ್ಲಿ ನೀರೂ ಇರಲಿಲ್ಲ. ನೆಲಮಾಳಿಗೆ ಚಿತ್ರೀಕರಣಕ್ಕೆ ಒಗ್ಗದಿದ್ದಾಗ ಆ ದೃಶ್ಯಗಳನ್ನು ತಮ್ಮ ಕಚೇರಿಯ ಕೆಳಗಿನ ನೆಲಮಾಳಿಗೆಯಲ್ಲಿ ತೆಗೆದರು. ಕಪ್ಪುಬಿಳುಪು ಚಿತ್ರವಾದ್ದರಿಂದ ಚಾಕೊಲೇಟ್ ಸಿರಪ್ಪೇ ರಕ್ತವಾಯಿತು. ನಟರಲ್ಲೊಬ್ಬರಿಗೆ ಮಾಂಸದಂಗಡಿಗಳಿದ್ದುದರಿಂದ ಕರುಳು, ಮಾಂಸಗಳಿಗೆ ಅಲೆಯಬೇಕಾಗಲಿಲ್ಲ. (ನಿಮ್ಮಮ್ಮನಿಗೆ ಈ ಭಾಗವನ್ನು ಓದಿ ಹೇಳಬೇಡ.) ಕಾರ್ಲ್ ಹಾರ್ಡ್‌ಮನ್ ಮತ್ತು ಮೇರಿಲಿನ್ ಈಸ್ಟ್‌ಮನ್ ಚಿತ್ರದಲ್ಲಿ ಗಂಡಹೆಂಡಿರ ಪಾತ್ರ ವಹಿಸಿದವರು, ಶಬ್ದದ ಕೆಲಸ ಹಾರ್ಡ್‌ಮನ್ನರದು, ಪ್ರಸಾಧನ ಈಸ್ಟ್‌ಮನ್ನರದು, ಅವರ ಮಗಳಾಗಿ ನಟಿಸಿದ ಹುಡುಗಿ ಹಾರ್ಡ್‌ಮನ್ನರ ಸ್ವಂತ ಮಗಳು. ರೊಮೆರೊ ನಿರ್ದೇಶಿಸಿದ್ದಲ್ಲದೆ ಕ್ಯಾಮೆರಾ ಹಿಡಿದರು, ಸಂಕಲನವನ್ನೂ ಮಾಡಿದರು. ಸಂಗೀತವನ್ನು ಸಿದ್ಧ ಸಂಗೀತದ ಭಂಡಾರದಿಂದ ಕೊಂಡು ಹೊಂದಿಸಿದರು.

ಕಾರಿನ ಸಂಗತಿಯೊಂದನ್ನು ಮಾತ್ರ ನಿಧಾನವಾಗಿ ಓದು. ಚಿತ್ರದ ಆರಂಭದಲ್ಲಿ ಅಣ್ಣತಂಗಿ ಸ್ಮಶಾನಕ್ಕೆ ಬರುವ ಕಾರು ನಿರ್ಮಾಪಕರಲ್ಲೊಬ್ಬರಾದ ರಸೆಲ್ ಸ್ಟ್ರೈನರ್ ಅವರ ತಾಯಿಯದು. ಕಾರಿನ ದೃಶ್ಯಗಳ ಚಿತ್ರೀಕರಣ ಅರ್ಧಕ್ಕೆ ನಿಂತಿದ್ದಾಗ ಯಾರೋ ಅದಕ್ಕೆ ಗುದ್ದಿ ನಜ್ಜುಗುಜ್ಜು ಮಾಡಿದರು. ಕ್ಯಾಮೆರಾಕ್ಕೆ ಕಾಣುವಂಥ ಪೆಟ್ಟು. ರಿಪೇರಿಗೆ ಕಾಯುವ ಪುರಸತ್ತಿಲ್ಲ. ರೊಮೆರೊ ದೃಶ್ಯವನ್ನೇ ತಿದ್ದಿ ಬರೆದರು: ತಪ್ಪಿಸಿಕೊಂಡು ಹೋಗುವ ತಂಗಿ ಬಾರ್ಬರಾ ಕಾರನ್ನು ಮರಕ್ಕೆ ಗುದ್ದಿ, ಇಳಿದು ಓಡುತ್ತಾಳೆ. ಈಗ ನೋಡುವವರಿಗೆ ಅದು ಮೊದಲಿನಿಂದಲೂ ಹಾಗೆಯೇ ಇದ್ದ ದೃಶ್ಯವೆನಿಸುತ್ತದೆ. ಕಾರಿನ ಆಸರೆಯೂ ತಪ್ಪಿದ್ದರಿಂದ ಅವಳ ಗತಿ ಇನ್ನಷ್ಟು ಭಯಂಕರವಾಗುತ್ತದೆ. ಮಲೆನಾಡಿನ ಮಳೆಯನ್ನು ನಂಬಿ ವೇಳಾಪಟ್ಟಿ ಹಾಕಿರುವ ನಿನಗೆ ಈ ಬುದ್ಧಿ ಬೇಕಾಗುತ್ತದೆ. (ಬಾರ್ಬರಾಳನ್ನು ಅಲ್ಲಿಂದ ಮುಂದೆ ಬಹುಪಾಲು ಸೋಫಾದ ಮೇಲೆ ಮಂಕಾಗಿ ಕೂರಿಸಿದ್ದು ನನಗೆ ಹಿಡಿಸಲಿಲ್ಲ ಎಂಬುದು ಬೇರೆ ಮಾತು.)

ನಾಯಕ ಬೆನ್‌ನ ಪಾತ್ರವನ್ನು ಒರಟು ಲಾರಿ ಡ್ರೈವರನೆಂದು ಬರೆದಿದ್ದರು. ಡುವೇನ್ ಜೋನ್ಸ್ ಎಂಬ ಕಪ್ಪು ವರ್ಣದ ನಟ ಎಲ್ಲರಿಗಿಂತ ಚೆನ್ನಾಗಿ ಪರೀಕ್ಷೆ ಕೊಟ್ಟರೆಂದು ಅವರನ್ನೇ ಆರಿಸಿದರು. ಜೋನ್ಸ್ ಬಹಳ ಓದಿಕೊಂಡವರು. ಬರೆದಿದ್ದ ಒರಟು ಮಾತುಗಳನ್ನು ಆಡಲೊಲ್ಲದೆ ತಾವೇ ತಿದ್ದಿಕೊಂಡರೆಂದು ಹಾರ್ಡ್‌ಮನ್ ನೆನಪಿಸಿಕೊಂಡಿದ್ದಾರೆ. ಆ ರಾತ್ರಿಯನ್ನೆಲ್ಲ ಬದುಕಿ ಉಳಿದ ಬೆನ್‌ನನ್ನು ಬೆಳಗ್ಗೆ ರಕ್ಷಿಸಲು ಬಂದ ಬಂದೂಕಿನ ಗುಂಪೇ ಹೆಣವೆಂದು ತಿಳಿದು ಹೊಡೆದು ಕೊಲ್ಲುತ್ತದೆ. ಚಿತ್ರದ ಪ್ರತಿಯನ್ನು ಕಾರಿನಲ್ಲಿಟ್ಟುಕೊಂಡು ನ್ಯೂಯಾರ್ಕಿಗೆ ಹೋಗುತ್ತಿದ್ದಾಗ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯ ಸುದ್ದಿಯನ್ನು ರೇಡಿಯೊದಲ್ಲಿ ಕೇಳಿದೆವೆಂದು ರೊಮೆರೊ ಹೇಳಿಕೊಂಡಿದ್ದರು. ಅದು 1968ರ ಏಪ್ರಿಲ್ 4. ಆಮೇಲೆ ಆ ಕೊನೆಯ ದೃಶ್ಯ ನೋಡುವವರಿಗೆ ಬೇರೊಂದು ಅರ್ಥ ಕೊಟ್ಟಿತು. ಕೊಲಂಬಿಯಾ ಮತ್ತು ಅಮೆರಿಕನ್ ಇಂಟರ್‌ನ್ಯಾಷನಲ್ ಕಂಪನಿಗಳು ಚಿತ್ರವನ್ನು ಮೆದುಗೊಳಿಸಿ ಅಂತ್ಯವನ್ನು ಹೊಸದಾಗಿ ಚಿತ್ರಿಸಿದರೆ ನೋಡೋಣವೆಂದಾಗ ಇವರು ಒಪ್ಪಲಿಲ್ಲ. ಕೈಯಲ್ಲಿ ಕಾಸಿಲ್ಲದವರು ಹಾಗೆ ನಿಲ್ಲುವುದು ಕಷ್ಟ. ಆ ವಿಷಯದಲ್ಲಿ ನನಗೆ ಅವರ ಮೇಲೆ ಗೌರವವಿದೆ.

ಇನ್ನು ನೀನು ಕೇಳದ ಪ್ರಶ್ನೆಗೆ ಬರುತ್ತೇನೆ. ಚಿತ್ರಕ್ಕೆ ಇವರು ಇಟ್ಟಿದ್ದ ಹೆಸರು 'ನೈಟ್ ಆಫ್ ದ ಫ್ಲೆಶ್ ಈಟರ್ಸ್'. ಕೊನೆಗೆ ಚಿತ್ರವನ್ನು ಕತ್ತರಿಸದೆ ಬಿಡುಗಡೆ ಮಾಡಲು ಒಪ್ಪಿದ ವಾಲ್ಟರ್ ರೀಡ್ ಸಂಸ್ಥೆ, ಅಂಥದೇ ಹೆಸರಿನ ಚಿತ್ರವೊಂದು ಆಗಲೇ ಬಂದಿದ್ದರಿಂದ ಶೀರ್ಷಿಕೆಯನ್ನು ಬದಲಿಸಿತು. ಚಿತ್ರದ ಹಕ್ಕು ಇಂಥವರದೆಂದು ಹೇಳುವ ಹಕ್ಕುಸ್ವಾಮ್ಯದ ಸೂಚನೆಯಿದ್ದದ್ದು ತೆರೆಯ ಮೇಲೆ ಹಳೆಯ ಶೀರ್ಷಿಕೆ ಕಾಣುವ ಚೌಕಟ್ಟಿನಲ್ಲೇ. ಹೊಸ ಶೀರ್ಷಿಕೆಯನ್ನು ಅಂಟಿಸುವಾಗ ಆ ಒಂದು ಸಾಲು ಹೋಯಿತು. ಅಮೆರಿಕದ ಆಗಿನ ಕಾನೂನಿನಂತೆ ಸೂಚನೆಯಿಲ್ಲದೆ ಪ್ರಕಟವಾದ ಕೃತಿ ಸಾರ್ವಜನಿಕರ ಸ್ವತ್ತಾಗುತ್ತಿತ್ತು. ಪಿಟ್ಸ್‌ಬರ್ಗಿನ ಫುಲ್ಟನ್ ಚಿತ್ರಮಂದಿರದಲ್ಲಿ 1968ರ ಅಕ್ಟೋಬರ್ 1ರಂದು ಮೊದಲ ಪ್ರದರ್ಶನವಾದ ಆ ಚಿತ್ರ ಕೋಟ್ಯಂತರ ಡಾಲರ್ ಗಳಿಸಿತು. ಮುಂದೆ ಯಾರು ಬೇಕಾದರೂ ಅದರ ಪ್ರತಿ ತೆಗೆದು ಟೀವಿಯಲ್ಲಿ ಹಾಕಿದರು, ಕ್ಯಾಸೆಟ್ ಮಾರಿದರು, ಡಿವಿಡಿ ಮಾರಿದರು. ಮಾಡಿದವರಿಗೆ ಅವರಾರೂ ಪಾಲು ಕೊಡಬೇಕಾಗಿರಲಿಲ್ಲ. 1990ರಲ್ಲಿ ರೊಮೆರೊ ಚಿತ್ರಕಥೆ ಬರೆದು, ಟಾಮ್ ಸ್ಯಾವಿನಿ ನಿರ್ದೇಶಿಸಿ ಅದನ್ನೇ ಬಣ್ಣದಲ್ಲಿ ಮತ್ತೆ ತೆಗೆದುದರ ಹಿಂದಿನ ಕಾರಣಗಳಲ್ಲಿ ಹೋದ ಹಕ್ಕಿನಲ್ಲಿ ಸ್ವಲ್ಪವಾದರೂ ಮರಳಿ ಪಡೆಯಬೇಕೆಂಬುದೂ ಒಂದು.

ಎಲ್ಲರ ಕೈಗೂ ಸಿಕ್ಕಿದ್ದರಿಂದಲೇ ಆ ಚಿತ್ರ ಜಗತ್ತಿಗೆಲ್ಲ ಹಬ್ಬಿತೆಂದು ವಾದಿಸುವವರಿದ್ದಾರೆ. ಅದು ಸುಳ್ಳಲ್ಲ. ಆದರೆ ಆ ವಾದ ಮಾಡುವವರು ಆ ಚಿತ್ರಕ್ಕೆ ದುಡ್ಡು ಹಾಕಿದವರಲ್ಲ ಎಂಬುದನ್ನು ಲೆಕ್ಕ ಬರೆದವನು ಗಮನಿಸದೆ ಇರಲಾರ.

ಅಮೆರಿಕದಲ್ಲಿಯೂ 1989ರಿಂದ ಆ ಸೂಚನೆಯ ಕಡ್ಡಾಯವಿಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕೃತಿ ರಚನೆಯಾದೊಡನೆ ಹಕ್ಕು ತಾನೇ ಹುಟ್ಟುತ್ತದೆ. ಆದ್ದರಿಂದ ಒಂದು ಸಾಲು ಬಿಟ್ಟುಹೋಗಿ ನೀನು ಚಿತ್ರ ಕಳೆದುಕೊಳ್ಳುವುದಿಲ್ಲ. ಕಳೆದುಕೊಳ್ಳಲು ಇಲ್ಲಿ ಬೇರೆ ದಾರಿಗಳಿವೆ. ಕಾಯ್ದೆಯ ಕಣ್ಣಿಗೆ ಚಿತ್ರದ ಕರ್ತೃ ನಿರ್ಮಾಪಕ, ನಿರ್ದೇಶಕನಲ್ಲ. ನೀವು ಐವರು ಕಾಗದವಿಲ್ಲದೆ ದುಡ್ಡು ಹಾಕಿದರೆ ನಾಳೆ ನಿರ್ಮಾಪಕ ಯಾರೆಂಬ ಪ್ರಶ್ನೆ ಏಳುತ್ತದೆ. ಕಥೆ ಬರೆದವಳು ನೀನಾದರೂ ಸೆನ್ಸಾರ್ ಪ್ರಮಾಣಪತ್ರ ಇನ್ನೊಬ್ಬರ ಹೆಸರಿನಲ್ಲಿ ಇರಬಹುದು. ಮುಹೂರ್ತಕ್ಕೆ ಮೊದಲೇ ಪಾಲುದಾರಿಕೆ ಪತ್ರ ಮಾಡಿಸಿ ನೋಂದಾಯಿಸಿ. ಯಾರು ಎಷ್ಟು ಹಾಕಿದರು, ದುಡ್ಡು ಹಾಕದೆ ಕೆಲಸ ಮಾತ್ರ ಮಾಡಿದವರಿಗೆ ಎಷ್ಟು ಪಾಲು, ಮಧ್ಯದಲ್ಲಿ ಬಿಟ್ಟು ಹೋದವರ ಗತಿಯೇನು ಎಂಬುದೆಲ್ಲ ಅದರಲ್ಲಿರಲಿ. ಇವತ್ತು ಸ್ನೇಹ ಚೆನ್ನಾಗಿರುವಾಗಲೇ ಅದನ್ನು ಬರೆಯುವುದು ಸುಲಭ. ಮನೆ ಕೊಟ್ಟವರಿಂದಲೂ ಒಪ್ಪಿಗೆಯ ಕಾಗದ ಇರಲಿ. ಶೀರ್ಷಿಕೆಯನ್ನು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿಕೊಂಡ ಮೇಲೆಯೇ ಪೋಸ್ಟರು ಬಿಡಿ.

ಹಕ್ಕು ವರ್ಗಾವಣೆಯ ಕಾಗದವನ್ನು ಮಾತ್ರ ಎರಡೆರಡು ಸಲ ಓದಬೇಕು. ನಮ್ಮ ಕಾಯ್ದೆಯ 19ನೇ ಕಲಮಿನಂತೆ ವರ್ಗಾವಣೆ ಬರವಣಿಗೆಯಲ್ಲಿಯೇ ಇರಬೇಕು, ಕೊಡುವವರ ಸಹಿ ಇರಬೇಕು. ಅವಧಿ ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತವೆಂದೂ ತಿಳಿಯತಕ್ಕದ್ದು. ಈ ರಕ್ಷಣೆ ಹಂಚಿಕೆದಾರರಿಗೂ ಒಟಿಟಿಯವರಿಗೂ ಗೊತ್ತಿರುವುದರಿಂದಲೇ ಅವರ ಕರಡಿನಲ್ಲಿ 'ಶಾಶ್ವತವಾಗಿ, ವಿಶ್ವದಾದ್ಯಂತ' ಎಂಬ ಮಾತುಗಳು ತಪ್ಪದೆ ಇರುತ್ತವೆ. ಮುಂಗಡದ ಚೆಕ್ಕನ್ನು ಮೇಜಿನ ಮೇಲಿಟ್ಟು, ಸಹಿ ಮಾಡಿ ತೆಗೆದುಕೊಳ್ಳಿ ಎನ್ನುವವರ ಎದುರು ಖಾಲಿ ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಂತೆ ಸಹಿ ಹಾಕಿದ ಪದವೀಧರರನ್ನೂ ನಾನು ನೋಡಿದ್ದೇನೆ. ಹಂಚಿಕೆದಾರರು ಹೆಸರು ಬದಲಿಸಲಿ, ಐದು ನಿಮಿಷ ಕತ್ತರಿಸಲಿ, ಉಪಶೀರ್ಷಿಕೆ ಹಾಕಲಿ. ಬದಲಿಸಿದ ಪ್ರತಿ ಹೊರಹೋಗುವ ಮುನ್ನ ನಿನ್ನ ಲಿಖಿತ ಒಪ್ಪಿಗೆ ಬೇಕೆಂಬ ಒಂದು ಷರತ್ತನ್ನು ಬಿಡಬೇಡ. ರೊಮೆರೊ ಅವರ ತಂಡಕ್ಕೆ ಆಗ ಬೇಕಾಗಿದ್ದದ್ದು ಅಷ್ಟೇ.

ಮೂಲ ಚಿತ್ರಿಕೆಗಳಿರುವ ಹಾರ್ಡ್ ಡಿಸ್ಕುಗಳ ಒಂದು ಪ್ರತಿ ನಿನ್ನ ಹತ್ತಿರ, ಒಂದು ಬೇರೆ ಊರಿನಲ್ಲಿ ಇರಲಿ. ನಮ್ಮ ಮನೆಯ ಬೀರುವಿನಲ್ಲಿ ಜಾಗವಿದೆ. ಅವರ ಮೂಲ ನೆಗೆಟಿವ್ ಉಳಿದಿದ್ದರಿಂದಲೇ 2016ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ಅದನ್ನು ಪುನರುಜ್ಜೀವಿಸಲು ಸಾಧ್ಯವಾಯಿತು. ಮರುವರ್ಷ ತೀರಿಕೊಂಡ ರೊಮೆರೊ ತಮ್ಮ ಚಿತ್ರವನ್ನು ಮತ್ತೆ ಒಳ್ಳೆಯ ಸ್ಥಿತಿಯಲ್ಲಿ ಕಂಡರು.

ಪಾಲುದಾರಿಕೆ ಪತ್ರದ ಕರಡನ್ನು ಸಹಿಗೆ ಮೊದಲು ನನಗೆ ಕಳಿಸು. ನನಗೆ ಪರಿಚಯದ ವಕೀಲರೊಬ್ಬರು ಮಲ್ಲೇಶ್ವರದಲ್ಲಿದ್ದಾರೆ. ಅವರ ಶುಲ್ಕ ನನ್ನ ಲೆಕ್ಕಕ್ಕಿರಲಿ, ಅದನ್ನು ನಿನ್ನ ಬಜೆಟ್ಟಿನಲ್ಲಿ ಸೇರಿಸಬೇಡ. ನಾನೂ ಒಂದು ಪಾಲು ಹಾಕಬಹುದೇ ಎಂದು ನಿನ್ನ ಸ್ನೇಹಿತರನ್ನು ಕೇಳಿ ತಿಳಿಸು. ಹಾಕಿದರೆ ನನ್ನ ಹೆಸರೂ ಆ ಪತ್ರದಲ್ಲಿ ಇರಬೇಕು.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಮಾವ