ನಮ್ಮ ಸಂಬಳದಲ್ಲಿ ಹಿಡಿದ ಪಿ.ಎಫ್., ಇ.ಎಸ್.ಐ. ಹಣ ಕಟ್ಟಿ

ದಿನಾಂಕ: 12.08.2024

ಇವರಿಂದ,
ಡಾಟಾ ಎಂಟ್ರಿ ಆಪರೇಟರ್ (ಹೊರಗುತ್ತಿಗೆ),
ಪುರಸಭೆ ಕಚೇರಿ, ಮಂಡ್ಯ ಜಿಲ್ಲೆ

ಇವರಿಗೆ,
ವ್ಯವಸ್ಥಾಪಕರು,
ಹೊರಗುತ್ತಿಗೆ ಸಿಬ್ಬಂದಿ ಏಜೆನ್ಸಿ, ಮೈಸೂರು

ವಿಷಯ: ಅಕ್ಟೋಬರ್ 2023ರಿಂದ ಜೂನ್ 2024ರವರೆಗಿನ ಪಿ.ಎಫ್. (ಭವಿಷ್ಯ ನಿಧಿ) ಮತ್ತು ಇ.ಎಸ್.ಐ. (ಕಾರ್ಮಿಕರ ಆರೋಗ್ಯ ವಿಮೆ) ಹಣ ಕಟ್ಟದೇ ಇರುವ ಬಗ್ಗೆ ದೂರು.

ಮಾನ್ಯರೇ,

ನಾನು ಇಲ್ಲಿನ ಪುರಸಭೆಯಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಇ-ಖಾತೆ, ಆಸ್ತಿ ತೆರಿಗೆ ಚಲನ್, ಜನನ ಮರಣ ಪ್ರಮಾಣಪತ್ರ, ಎಲ್ಲಾ ನನ್ನ ಟೇಬಲ್‌ಗೇ ಬರುತ್ತವೆ. ತೆರಿಗೆಗೆ ಶೇ. 5 ರಿಯಾಯಿತಿ ಇರುವ ದಿನಗಳಲ್ಲಿ ರಾತ್ರಿ ಎಂಟರವರೆಗೂ ಕೂತಿದ್ದೇನೆ. ಟೆಂಡರ್ ಮುಗಿದಾಗಲೆಲ್ಲ ಏಜೆನ್ಸಿ ಬದಲಾಗಿದೆ, ನನ್ನ ಕುರ್ಚಿ ಬದಲಾಗಿಲ್ಲ. ನೀವು ಮೂರನೆಯವರು.

ಜುಲೈ ಎರಡನೇ ವಾರ ನನ್ನ ಮಗನಿಗೆ ಡೆಂಗಿ ಬಂತು. ಅವನಿಗೆ ಒಂಬತ್ತು ವರ್ಷ. ಪ್ಲೇಟ್‌ಲೆಟ್ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಇ.ಎಸ್.ಐ. ಇದೆಯಲ್ಲ ಎಂಬ ಧೈರ್ಯದಲ್ಲಿ ಮೈಸೂರಿನ ಇ.ಎಸ್.ಐ. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕೌಂಟರ್‌ನಲ್ಲಿದ್ದವರು ನನ್ನ ನಂಬರ್ ಹಾಕಿ ನೋಡಿದರು. "ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ನಿಮ್ಮ ಹೆಸರಲ್ಲಿ ಒಂದು ರೂಪಾಯಿನೂ ಬಂದಿಲ್ಲಮ್ಮ. ಆ ಆರು ತಿಂಗಳ ಲೆಕ್ಕದ ಮೇಲೇ ಜುಲೈಯಿಂದ ಡಿಸೆಂಬರ್‌ವರೆಗಿನ ಸೌಲಭ್ಯ ಸಿಗೋದು" ಎಂದರು. ಅವರು ಎರಡು ಸಲ ನೋಡಿದರು. ಅವರದು ತಪ್ಪಿಲ್ಲ. ಜ್ವರದಲ್ಲಿದ್ದ ಮಗುವನ್ನು ಎತ್ತಿಕೊಂಡು ಆಟೋ ಹತ್ತಿ ಖಾಸಗಿ ನರ್ಸಿಂಗ್ ಹೋಮಿಗೆ ಹೋದೆ. ನಾಲ್ಕು ದಿನಕ್ಕೆ 31,400 ರೂಪಾಯಿ ಆಯಿತು. ನನ್ನ ಓಲೆ ಈಗಲೂ ಗಿರವಿಯಲ್ಲಿದೆ. ಮಗ ಹುಷಾರಾಗಿದ್ದಾನೆ, ಅಷ್ಟು ಸಾಕು.

ಮನೆಗೆ ಬಂದು ಪಿ.ಎಫ್. ಪಾಸ್‌ಬುಕ್ ತೆಗೆದು ನೋಡಿದೆ. ಅಲ್ಲೂ ಸೆಪ್ಟೆಂಬರ್ 2023ಕ್ಕೇ ನಿಂತಿದೆ.

ನನ್ನ ಸಂಬಳ 15,000 ರೂಪಾಯಿ. ಅದರಲ್ಲಿ ತಿಂಗಳಿಗೆ ಪಿ.ಎಫ್. ಎಂದು ಶೇ. 12, ಅಂದರೆ 1,800 ರೂಪಾಯಿ ಹಿಡಿಯುತ್ತೀರಿ. ಇ.ಎಸ್.ಐ. ಎಂದು ಶೇ. 0.75, ಅಂದರೆ 113 ರೂಪಾಯಿ. ಒಂಬತ್ತು ತಿಂಗಳಿಗೆ 17,217 ರೂಪಾಯಿ ಆಯಿತು. ಇದು ನಾನು ದುಡಿದ ಹಣ. ನನ್ನ ಕೈಗೂ ಬಂದಿಲ್ಲ, ನನ್ನ ಖಾತೆಗೂ ಹೋಗಿಲ್ಲ. ಇದರ ಮೇಲೆ ನೀವು ಸೇರಿಸಬೇಕಾದ ಪಾಲು ಬೇರೆ ಇದೆ.

ನಿಮ್ಮ ಸೂಪರ್‌ವೈಸರ್‌ಗೆ ಫೋನ್ ಮಾಡಿದರೆ, "ಪುರಸಭೆಯಿಂದ ಬಿಲ್ ಆಗಿಲ್ಲ ಮೇಡಂ" ಎಂದರು. ಲೆಕ್ಕ ವಿಭಾಗದಲ್ಲಿ ಕೇಳಿದೆ. ಮೇ ತಿಂಗಳವರೆಗಿನ ಬಿಲ್ ಪಾಸಾಗಿದೆ. ಪ್ರತಿ ಬಿಲ್ಲಿನ ಹಿಂದೆ ಪಿ.ಎಫ್. ಚಲನ್ ಪ್ರತಿಯೂ ಇದೆ. ಆದರೆ ಅದರಲ್ಲಿರುವುದು ಬರೀ ಒಟ್ಟು ಮೊತ್ತ. ಯಾರ ಹೆಸರಿಗೆ ಎಷ್ಟು ಎಂದು ತೋರಿಸುವ ಇ.ಸಿ.ಆರ್. ಪಟ್ಟಿ ಒಂದಕ್ಕೂ ಇಲ್ಲ. ನಿಮಗೆ ಬೇರೆ ಊರುಗಳಲ್ಲೂ ಟೆಂಡರ್ ಇದೆ. ಆ ಚಲನ್ ಯಾವ ಊರಿನವರದು? ಪಟ್ಟಿ ಕೇಳದೆ ಬಿಲ್ ಪಾಸ್ ಮಾಡಿದ್ದು ಕಚೇರಿಯ ತಪ್ಪು. ಅದನ್ನು ಮುಖ್ಯಾಧಿಕಾರಿಗಳಿಗೂ ಬರೆದು ಕೊಟ್ಟಿದ್ದೇನೆ. ಇನ್ನು ಬಿಲ್ ತಡವಾದರೂ ನೀವು ಕಟ್ಟದೇ ಇರುವ ಹಾಗಿಲ್ಲ. ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕಟ್ಟಲೇಬೇಕು. ನಿಮ್ಮ ಬಿಲ್ ಯಾವಾಗ ಆಯಿತು ಎಂದು ಪಿ.ಎಫ್. ಕಾಯ್ದೆ ಕೇಳುವುದಿಲ್ಲ.

ಸಂಬಳ ಎಷ್ಟು ಎಂಬುದು ಟೆಂಡರ್‌ನಲ್ಲೇ ನಿಗದಿಯಾಗಿರುತ್ತದೆ. ಪೈಪೋಟಿ ನಡೆಯುವುದು ನಿಮ್ಮ ಸೇವಾ ಶುಲ್ಕದ ಮೇಲೆ. ಅದನ್ನು ತೀರಾ ಕಡಿಮೆ ಹಾಕಿ ಟೆಂಡರ್ ಹಿಡಿದರೆ, ಆಮೇಲೆ ಖರ್ಚು ಎಲ್ಲಿಂದ ಹುಟ್ಟಬೇಕು? ನಮ್ಮ ಜೇಬಿನಿಂದ ಹುಟ್ಟಿದೆ ಎಂದೇ ನನಗೆ ಅನಿಸುತ್ತದೆ. ಅಲ್ಲ ಎನ್ನುವುದಾದರೆ ಪಟ್ಟಿ ತೋರಿಸಿ.

ಇದು ನನ್ನೊಬ್ಬಳ ವಿಷಯ ಅಲ್ಲ. ಇಲ್ಲಿ ನಿಮ್ಮ ಕಡೆಯಿಂದ 34 ಜನ ಇದ್ದೇವೆ. ಕಸದ ಆಟೋ ಓಡಿಸುವವರು, ಲೋಡರ್‌ಗಳು, ನೀರು ಬಿಡುವವರು, ನಾವು ಆಪರೇಟರ್‌ಗಳು. ನನ್ನ ವಿಷಯ ಗೊತ್ತಾದ ಮೇಲೆ ಒಬ್ಬೊಬ್ಬರೇ ಮೊಬೈಲ್ ಹಿಡಿದು ಬರುತ್ತಿದ್ದಾರೆ. "ಅಕ್ಕ, ನಂದೂ ಒಂಚೂರು ನೋಡಕ್ಕ" ಎನ್ನುತ್ತಾರೆ. ಹನ್ನೊಂದು ಜನರದ್ದು ನೋಡಿದ್ದೇನೆ. ಹನ್ನೊಂದೂ ಸೆಪ್ಟೆಂಬರ್‌ಗೇ ನಿಂತಿವೆ. ಅದರಲ್ಲಿ ಒಬ್ಬರ ಹೆಂಡತಿಗೆ ಈಗ ಏಳು ತಿಂಗಳು. ಹೆರಿಗೆಗೆ ಇ.ಎಸ್.ಐ. ನಂಬಿಕೊಂಡಿದ್ದರು. ಅವರಿಗೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ.

ಒಂಬತ್ತು ತಿಂಗಳ ಎರಡೂ ಪಾಲನ್ನು 34 ಜನರ ಹೆಸರಿಗೂ ಕಟ್ಟಿ. ತಡವಾದ ಪಿ.ಎಫ್. ಹಣಕ್ಕೆ ವರ್ಷಕ್ಕೆ ಶೇ. 12 ಬಡ್ಡಿ ಇದೆ, ಅದನ್ನೂ ಕಟ್ಟಿ. ಹೆಸರುಪಟ್ಟಿಯನ್ನು ಕಚೇರಿಯ ನೋಟಿಸ್ ಬೋರ್ಡಿಗೆ ಹಾಕಿಸಿ. ತಿಂಗಳು ತಿಂಗಳು ಪೇ ಸ್ಲಿಪ್ ಕೊಡಿ, ಇದುವರೆಗೆ ಒಂದೂ ಕೊಟ್ಟಿಲ್ಲ. ನನ್ನ ಮಗನ ಆಸ್ಪತ್ರೆ ಬಿಲ್ಲಿನ ಪ್ರತಿ ಇಟ್ಟಿದ್ದೇನೆ. ನೀವು ಕಟ್ಟಿದ್ದರೆ ಆ ಖರ್ಚೇ ಬರುತ್ತಿರಲಿಲ್ಲ, ಹಾಗಾಗಿ ಅದನ್ನು ನೀವೇ ಕೊಡಬೇಕು.

ಇವತ್ತಿನಿಂದ 15 ದಿನ ಕಾಯುತ್ತೇನೆ. ಆಮೇಲೆ ಪಿ.ಎಫ್. ಕಚೇರಿ, ಇ.ಎಸ್.ಐ. ಕಚೇರಿ, ಕಾರ್ಮಿಕ ಇಲಾಖೆ ಮೂರಕ್ಕೂ ದೂರು ಕೊಡುತ್ತೇವೆ. ಕಾರ್ಮಿಕರ ಪಾಲು ಹಿಡಿದು ಕಟ್ಟದೇ ಇರುವುದು ನಂಬಿಕೆ ದ್ರೋಹದ ಅಪರಾಧ. ಹಾಗಾಗಿ ಪೊಲೀಸ್ ಠಾಣೆಗೂ ಹೋಗುತ್ತೇವೆ. ಅರ್ಜಿಗೆ ಈಗಾಗಲೇ 27 ಜನ ಸಹಿ ಹಾಕಿದ್ದಾರೆ. "ಹೆಚ್ಚು ಮಾತಾಡಿದರೆ ಮುಂದಿನ ಪಟ್ಟಿಯಲ್ಲಿ ಹೆಸರು ಇರಲ್ಲ" ಎಂದು ನಿಮ್ಮ ಸೂಪರ್‌ವೈಸರ್ ಹೇಳಿದ್ದನ್ನೂ ಅದರಲ್ಲಿ ಬರೆದಿದ್ದೇವೆ.

ಲಿಖಿತ ಉತ್ತರ ಕೊಡಿ. ಫೋನಿನಲ್ಲಿ ಬೇಡ.

ಇಂತಿ,
ಡಾಟಾ ಎಂಟ್ರಿ ಆಪರೇಟರ್

ಲಗತ್ತು: ಬ್ಯಾಂಕ್ ಪಾಸ್‌ಬುಕ್, ಪಿ.ಎಫ್. ಪಾಸ್‌ಬುಕ್ ಮತ್ತು ಆಸ್ಪತ್ರೆ ಬಿಲ್ ಪ್ರತಿಗಳು
ಪ್ರತಿ: ಮುಖ್ಯಾಧಿಕಾರಿಗಳು, ಪುರಸಭೆ