ಮೈಕೆಲ್ ಜಾಕ್ಸನ್ ಬಗ್ಗೆ ಬರೆಯುತ್ತಿರುವ ತಮ್ಮನಿಗೆ

ಪ್ರೀತಿಯ ತಮ್ಮಾ,

ಮೈಕೆಲ್ ಜಾಕ್ಸನ್ ಬಗ್ಗೆ ನೀನು ಕಳಿಸಿದ ಕರಡು ಓದಿದೆ. ಎಲ್ಲೂ ನಿಲ್ಲಿಸದೆ ಓದಿಸಿಕೊಂಡು ಹೋಯಿತು. ಆತನ ಮೇಲೆ ನಿನಗಿರುವ ಪ್ರೀತಿ ಪ್ರತಿ ಸಾಲಿನಲ್ಲೂ ಕಾಣುತ್ತದೆ. ಅದನ್ನು ಕಡಿಮೆ ಮಾಡು ಅಂತ ನಾನು ಹೇಳುವುದಿಲ್ಲ. ಹಾಡುಗಾರನನ್ನು ಪ್ರೀತಿಸದವರು ಅವನ ಬಗ್ಗೆ ಬರೆದರೆ ಆ ಬರಹ ಒಣಗಿರುತ್ತದೆ.

ಆದರೆ ನಿನ್ನ ಲೇಖನದ ಮುಕ್ಕಾಲು ಭಾಗ ಒಂದೇ ಜಗಳಕ್ಕೆ ಖರ್ಚಾಗಿದೆ. ಆತ ಕೊನೆವರೆಗೂ ಕಪ್ಪು ಮನುಷ್ಯನಾಗಿಯೇ ಉಳಿದನಾ, ಇಲ್ಲ ಬಿಳಿಯನಾಗಲು ಹೊರಟನಾ? ಅಭಿಮಾನಿಗಳು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ನೀನು ಆತನ ಮನಸ್ಸಿನೊಳಗೆ ಹೋಗಿ ಉತ್ತರ ಹುಡುಕಲು ನೋಡಿದ್ದೀಯ. ‘ಒಳಗೊಳಗೇ ಅವನಿಗೆ ಹೀಗನ್ನಿಸಿತ್ತು’ ಅಂತ ಎಷ್ಟೊಂದು ಕಡೆ ಬರೆದಿದ್ದೀಯ. ಅಲ್ಲಿಗೆ ಹೋಗಬೇಡ. ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆತ ಏನು ಮಾಡಿದ, ಜನ ಆತನಿಗೆ ಏನು ಮಾಡಿದರು, ಇವೆರಡು ಮಾತ್ರ ನಮ್ಮ ಕೈಗೆ ಸಿಗುತ್ತವೆ. ಅವನ್ನೇ ಬರೆ.

ಶುರು ಹಾಡಿನಿಂದ ಆಗಲಿ, ಮುಖದಿಂದ ಬೇಡ. ನಿನ್ನ ಕರಡಿನಲ್ಲಿ ಮೂಗು, ಚರ್ಮ, ಕೂದಲು ಎಲ್ಲ ಬಂದಿವೆ. ಒಂದು ಬೇಸ್ ಗಿಟಾರ್ ಬಂದಿಲ್ಲ! ‘ಬಿಲ್ಲಿ ಜೀನ್’ ಹಾಡನ್ನೇ ತಗೋ. ಹಾಡುವ ದನಿ ಬರುವ ಮೊದಲು ಸುಮಾರು ಅರ್ಧ ನಿಮಿಷ ಬರೀ ಡ್ರಮ್ಸ್, ಬೇಸ್, ಕೀಬೋರ್ಡ್. ನಿರ್ಮಾಪಕ ಕ್ವಿನ್ಸಿ ಜೋನ್ಸ್‌ಗೆ ಅದು ಜಾಸ್ತಿ ಆಯಿತು ಅನ್ನಿಸಿತ್ತು, ಕತ್ತರಿಸೋಣ ಅಂದರು. ಅದನ್ನು ಕೇಳಿದರೇ ನನಗೆ ಕುಣಿಯಬೇಕು ಅನ್ನಿಸುತ್ತದೆ ಅಂತ ಜಾಕ್ಸನ್ ಹಟ ಹಿಡಿದ. ಆ ಅರ್ಧ ನಿಮಿಷ ಉಳಿಯಿತು. ಸೌಂಡ್ ಎಂಜಿನಿಯರ್ ಬ್ರೂಸ್ ಸ್ವೀಡಿಯನ್ ಆ ಹಾಡನ್ನು 91 ಸಲ ಮಿಕ್ಸ್ ಮಾಡಿದರು. ಕೊನೆಗೆ ಬಳಸಿದ್ದು ಎರಡನೆಯದನ್ನು. ನೀನೂ ನಿನ್ನ ಹಳೆಯ ಕರಡನ್ನು ಅಳಿಸಬೇಡ, ಇಟ್ಟುಕೋ. ಜಾಕ್ಸನ್ ಪಾಶ್ಚಾತ್ಯ ಸ್ವರಲಿಪಿ ಬರೆಯುತ್ತಿರಲಿಲ್ಲ. ಬೇಸ್ ಹೇಗಿರಬೇಕು, ಡ್ರಮ್ ಹೇಗಿರಬೇಕು ಅನ್ನೋದನ್ನು ಬಾಯಲ್ಲೇ ಹಾಡಿ ತೋರಿಸುತ್ತಿದ್ದ. ಇಂಥದ್ದನ್ನು ಓದಿದ ಮೇಲೆ ಓದುಗ ಆ ಹಾಡನ್ನು ಮತ್ತೆ ಹಾಕಿ ಕೇಳುತ್ತಾನೆ. ಅಲ್ಲಿಂದ ಮುಂದೆ ನೀನು ಏನು ಹೇಳಿದರೂ ಅವನ ಕಿವಿ ನಿನ್ನ ಕಡೆ ಇರುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇದು ಇನ್ನೂ ಮುಖ್ಯ. ನಮ್ಮಲ್ಲಿ ಆತ ಮೊದಲು ಕಾಲಾಗಿ ಬಂದ, ದನಿಯಾಗಿ ಬಂದದ್ದು ಆಮೇಲೆ. ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ ಅವರನ್ನು ಭಾರತದ ಮೈಕೆಲ್ ಜಾಕ್ಸನ್ ಅಂತ ಕರೆದು ನಾವೆಲ್ಲ ಖುಷಿಪಟ್ಟೆವು. 1996ರ ನವೆಂಬರ್ 1ರಂದು ಆತ ಮುಂಬೈನ ಅಂಧೇರಿಯಲ್ಲಿ ಕಾರ್ಯಕ್ರಮ ಕೊಟ್ಟಾಗಲೂ ಮಾತೆಲ್ಲ ನೃತ್ಯದ್ದು, ಬಟ್ಟೆಯದ್ದು, ಬೆಳ್ಳಗಾದ ಮುಖದ್ದು. ಆತ ಯಾವ ಊರಿನವನು, ಯಾವ ಸಂಗೀತದಿಂದ ಬಂದವನು ಅನ್ನೋದು ನಮ್ಮ ಓದುಗರಿಗೆ ಅಷ್ಟಾಗಿ ಗೊತ್ತಿಲ್ಲ. ಅದನ್ನು ಹೇಳು.

ಆತ ಹುಟ್ಟಿದ್ದು 1958ರಲ್ಲಿ, ಇಂಡಿಯಾನಾ ರಾಜ್ಯದ ಗ್ಯಾರಿ ಅನ್ನೋ ಉಕ್ಕಿನ ಕಾರ್ಖಾನೆಯ ಊರಿನಲ್ಲಿ. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದವರು. ಅಪ್ಪ ಅರ್ಕನ್ಸಾಸ್ ಕಡೆಯವರು, ಅಮ್ಮ ಅಲಬಾಮಾ ಕಡೆಯವರು. ಇವೆರಡೂ ದಕ್ಷಿಣದ ರಾಜ್ಯಗಳು, ಗುಲಾಮಗಿರಿ ನಡೆದ ನೆಲ. ಕೆಲಸ ಹುಡುಕಿ, ಅವಮಾನ ತಪ್ಪಿಸಿಕೊಂಡು ಉತ್ತರಕ್ಕೆ ಬಂದ ಲಕ್ಷಾಂತರ ಕಪ್ಪು ಕುಟುಂಬಗಳ ಕಥೆಯಲ್ಲಿ ಇವರದ್ದೂ ಒಂದು. ಮಗು ಹುಟ್ಟಿದಾಗ ದಕ್ಷಿಣದಲ್ಲಿ ಕಪ್ಪು ಜನರಿಗೆ ಬೇರೆ ಶಾಲೆ, ಬಸ್ಸಿನಲ್ಲಿ ಬೇರೆ ಸೀಟು ಇನ್ನೂ ನಡೆಯುತ್ತಿತ್ತು. ನಾಗರಿಕ ಹಕ್ಕುಗಳ ಕಾಯ್ದೆ ಬಂದದ್ದು 1964ರಲ್ಲಿ. ನಿನ್ನ ಲೇಖನ ಎಡವಿರುವುದು ಇಲ್ಲಿ. ನೀನು ಚರ್ಮದ ಬಣ್ಣವನ್ನೂ ಜನಾಂಗವನ್ನೂ ಒಂದೇ ಮಾಡಿಬಿಟ್ಟಿದ್ದೀಯ. ಅಮೆರಿಕದಲ್ಲಿ ಒಬ್ಬ ಮನುಷ್ಯ ಕಪ್ಪು ಜನಾಂಗದವನು ಅನ್ನಿಸಿಕೊಳ್ಳುವುದು ಅವನ ಹಿರಿಯರಿಂದ, ಅವರು ಪಟ್ಟ ಪಾಡಿನಿಂದ. ತುಂಬಾ ತಿಳಿಬಣ್ಣ ಇದ್ದೂ ಆ ಜನಾಂಗದವರಾಗಿಯೇ ಬದುಕಿದವರು ಅಲ್ಲಿ ಬೇಕಾದಷ್ಟಿದ್ದಾರೆ. ಹಾಗಿರುವಾಗ ಚರ್ಮ ಬಿಳಿಚಿಕೊಂಡಿತು ಅಂತ ಜನಾಂಗ ಬದಲಾಗುವುದಿಲ್ಲ. ಇಷ್ಟನ್ನು ಸ್ಪಷ್ಟವಾಗಿ ಬರೆದರೆ ಅಭಿಮಾನಿಗಳ ಅರ್ಧ ಜಗಳ ತಾನಾಗಿ ಬಿದ್ದುಹೋಗುತ್ತದೆ.

ಇನ್ನರ್ಧ ಜಗಳ ತೊನ್ನಿನದು. ಇದನ್ನು ನೀನು ಎರಡು ಸಾಲಿನಲ್ಲಿ ಮುಗಿಸಿದ್ದೀಯ. ಅದು ಸಾಲದು. 1993ರ ಫೆಬ್ರವರಿಯಲ್ಲಿ ಟಿವಿ ಸಂದರ್ಶಕಿ ಓಪ್ರಾ ವಿನ್‌ಫ್ರೇ ಜೊತೆ ಕೂತು ಆತ ಮೊದಲ ಸಲ ಇದನ್ನು ಎಲ್ಲರೆದುರು ಹೇಳಿದ. ಚರ್ಮದ ಬಣ್ಣ ಅಳಿಸಿಹೋಗುವ ಕಾಯಿಲೆ ಇದೆ, ಅದು ನನ್ನ ಕೈಯಲ್ಲಿಲ್ಲ ಅಂದ. ನಾನು ಕಪ್ಪು ಅಮೆರಿಕನ್, ಅದರ ಬಗ್ಗೆ ನನಗೆ ಹೆಮ್ಮೆಯಿದೆ ಅಂದ. ಎಷ್ಟೋ ಜನ ನಂಬಲಿಲ್ಲ. 2009ರಲ್ಲಿ ಸತ್ತ ಮೇಲೆ ಶವಪರೀಕ್ಷೆಯ ವರದಿಯಲ್ಲಿ ತೊನ್ನು ಇತ್ತು ಅಂತ ದಾಖಲಾಯಿತು. ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಮೇಲೆ ಬೀಳುವ ಕಾಯಿಲೆ ಇದು. ಅಂಟುವುದಿಲ್ಲ. ಆದರೆ ಬಣ್ಣ ಹೋದ ಚರ್ಮ ಬಿಸಿಲು ತಡೆಯುವುದಿಲ್ಲ. ಆತನ ಛತ್ರಿ, ಉದ್ದ ತೋಳು ನೋಡಿ ನಕ್ಕವರಿಗೆ ಇದು ಗೊತ್ತಿರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ವಿರೋಧಿಗಳು ಬ್ಲೀಚ್ ಮಾಡಿಕೊಂಡ ಅಂತಾರೆ. ಅಭಿಮಾನಿಗಳು ಇಲ್ಲವೇ ಇಲ್ಲ ಅಂತಾರೆ. ನಿಜ ಎರಡರ ನಡುವೆ ಇದೆ. ಮಚ್ಚೆಗಳು ಮೈಮೇಲೆ ತುಂಬಾ ಹರಡಿದಾಗ ಉಳಿದ ಬಣ್ಣವನ್ನೂ ತೆಗೆದು ಚರ್ಮವನ್ನು ಒಂದೇ ಸಮ ಮಾಡುವ ಮುಲಾಮು ಇದೆ. ವೈದ್ಯರೇ ಅದನ್ನು ಬರೆದುಕೊಡುತ್ತಾರೆ. ಆತ ಸತ್ತ ಮೇಲೆ ಪೊಲೀಸರಿಗೆ ಮನೆಯಲ್ಲಿ ಅದರ ಟ್ಯೂಬುಗಳು ಸಿಕ್ಕವು. ಇದನ್ನು ಮುಚ್ಚಿಡಬೇಡ. ಮುಚ್ಚಿಟ್ಟರೆ ನಾಳೆ ಯಾರೋ ಎತ್ತಿ ತೋರಿಸುತ್ತಾರೆ, ನಿನ್ನ ಉಳಿದ ಮಾತೂ ಬಿದ್ದುಹೋಗುತ್ತದೆ. ಮೂಗಿನ ವಿಷಯವೂ ಅಷ್ಟೇ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದನ್ನು ಆತನೇ ಒಪ್ಪಿದ್ದ. ಹದಿಹರೆಯದಲ್ಲಿ ಅಪ್ಪ ನೀನು ಕುರೂಪಿ ಅಂತ ಹಂಗಿಸುತ್ತಿದ್ದರು ಅಂತಲೂ ಹೇಳಿದ್ದ. ಕಾಯಿಲೆ ಬೇರೆ, ಶಸ್ತ್ರಚಿಕಿತ್ಸೆ ಬೇರೆ. ಎರಡನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಇಡು.

ನಮ್ಮ ಓದುಗರು ಇದನ್ನು ಓದುವಾಗ ಅವರ ತಲೆಯಲ್ಲಿ ಏನಿರುತ್ತದೆ, ಯೋಚಿಸು. ನಮ್ಮೂರುಗಳಲ್ಲಿ ತೊನ್ನಿರುವ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಕೈ ಮುಚ್ಚುವ ರವಿಕೆ ತೊಟ್ಟು ಓಡಾಡುವ ಹೆಂಗಸರನ್ನು ನೀನೂ ನೋಡಿರುತ್ತೀಯ. ಇನ್ನೊಂದು ಕಡೆ, ವಧು ಬೇಕಾಗಿದ್ದಾಳೆ ಜಾಹೀರಾತಿನಲ್ಲಿ ಬಿಳಿ ಬಣ್ಣ ಕೇಳುವವರೂ ನಾವೇ. ಬೆಳ್ಳಗಾಗಲು ಕ್ರೀಮ್ ಹಚ್ಚುವುದು ನಮ್ಮಲ್ಲಿ ಮಾಮೂಲು. ಹಾಗಾಗಿ ಆತನಿಗೂ ಅದೇ ಆಸೆ ಇತ್ತು ಅಂತ ನಾವು ಬೇಗ ನಂಬಿಬಿಟ್ಟೆವು. 150 ವರ್ಷ ಬದುಕಲು ಹೊರಟು 50ಕ್ಕೇ ಸತ್ತ, ಪ್ರಕೃತಿಯನ್ನು ಗೆಲ್ಲಲು ಹೋದ ಅನ್ನೋ ವಾಟ್ಸಾಪ್ ಕಥೆ ನಿನಗೂ ಬಂದಿರುತ್ತದೆ. ಆತ ಸತ್ತದ್ದು ನಿದ್ದೆ ಬರಲಿ ಅಂತ ಕೊಟ್ಟ ಪ್ರೊಪೊಫಾಲ್ ಅನ್ನೋ ಅರಿವಳಿಕೆ ಔಷಧಿಯಿಂದ. ಕೊಟ್ಟ ವೈದ್ಯರಿಗೆ 2011ರಲ್ಲಿ ಶಿಕ್ಷೆಯಾಯಿತು. ಕಾಯಿಲೆ ಬಿದ್ದ ಒಬ್ಬ ಮನುಷ್ಯನ ಸಾವನ್ನು ನೀತಿಪಾಠ ಮಾಡಿ ಹಂಚುವುದು ನನಗೆ ತುಂಬಾ ನೋವು ಕೊಡುತ್ತದೆ. ನಿನ್ನ ಲೇಖನ ಆ ಕಥೆಗೆ ಎದುರು ನಿಲ್ಲಲಿ.

ಈಗ ಜನ ಆತನಿಗೆ ಮಾಡಿದ್ದು. ನೀನು ‘ಅಮೆರಿಕ ಅವನನ್ನು ಅವಮಾನಿಸಿತು’ ಅಂತ ದೊಡ್ಡ ಮಾತು ಬರೆದಿದ್ದೀಯ. ದೊಡ್ಡ ಮಾತು ಬಿಡು, ನಡೆದದ್ದು ಹೇಳು. 1979ರಲ್ಲಿ ‘ಆಫ್ ದ ವಾಲ್’ ಬಂತು. ಅದರ ನಾಲ್ಕು ಹಾಡು ಅಮೆರಿಕದ ಮೊದಲ ಹತ್ತರಲ್ಲಿ ಸೇರಿದವು. ಗ್ರ್ಯಾಮಿ ಕೊಟ್ಟದ್ದು ಒಂದೇ, ಅದೂ ಆರ್ ಅಂಡ್ ಬಿ ವಿಭಾಗದಲ್ಲಿ. ಕಪ್ಪು ಹಾಡುಗಾರರಿಗೆ ಅಂತ ಪಕ್ಕಕ್ಕೆ ಹಾಕಿದ ಎಲೆ ಅದು. 1981ರಲ್ಲಿ ಹಾಡುಗಳ ವಿಡಿಯೋ ತೋರಿಸುವ ಎಂಟಿವಿ ಚಾನೆಲ್ ಶುರುವಾಯಿತು. ಅದರಲ್ಲಿ ಕಪ್ಪು ಕಲಾವಿದರು ಕಾಣುತ್ತಿದ್ದದ್ದೇ ಅಪರೂಪ. ನಾವು ರಾಕ್ ಚಾನೆಲ್ ಅಂತ ಸಬೂಬು ಕೊಡುತ್ತಿದ್ದರು. ಕಪ್ಪು ಗಾಯಕ ರಿಕ್ ಜೇಮ್ಸ್ ಬಹಿರಂಗವಾಗಿ ಸಿಟ್ಟಾದರು. 1983ರಲ್ಲಿ ಬ್ರಿಟನ್ನಿನ ಬಿಳಿಯ ಗಾಯಕ ಡೇವಿಡ್ ಬೋವಿ ಅದೇ ಚಾನೆಲ್‌ನ ಸಂದರ್ಶನದಲ್ಲಿ ನಿರೂಪಕನನ್ನೇ ಕೇಳಿದರು, ಇಲ್ಲಿ ಕಪ್ಪು ಜನ ಯಾಕಿಲ್ಲ ಅಂತ. ಸಣ್ಣ ಊರುಗಳ ವೀಕ್ಷಕರು ಬೆದರುತ್ತಾರೆ ಅನ್ನೋ ಅರ್ಥದ ಉತ್ತರ ಬಂತು. ಅದೇ ವರ್ಷ ‘ಬಿಲ್ಲಿ ಜೀನ್’ ಆ ಚಾನೆಲ್‌ನಲ್ಲಿ ಬಂತು. ‘ಥ್ರಿಲ್ಲರ್’ ಆಲ್ಬಂ 37 ವಾರ ಮೊದಲ ಸ್ಥಾನದಲ್ಲಿತ್ತು. 1984ರಲ್ಲಿ ಒಂದೇ ರಾತ್ರಿ ಎಂಟು ಗ್ರ್ಯಾಮಿ. ಇಷ್ಟನ್ನು ವರ್ಷದ ಜೊತೆ ಸುಮ್ನೆ ಜೋಡಿಸಿಡು. ಬೇಲಿ ಎಲ್ಲಿತ್ತು, ಹೇಗೆ ಮುರಿಯಿತು ಅನ್ನೋದು ಓದುಗನಿಗೆ ತಾನೇ ಕಾಣುತ್ತದೆ.

ಬ್ರಿಟನ್ನಿನ ಅಗ್ಗದ ಪತ್ರಿಕೆಗಳು ಇಟ್ಟ ಅಡ್ಡಹೆಸರು, ಆಕ್ಸಿಜನ್ ಪೆಟ್ಟಿಗೆಯಲ್ಲಿ ಮಲಗುತ್ತಾನೆ ಅನ್ನೋ ಕಥೆ, ಇವೆಲ್ಲ ಇರಲಿ. ಆದರೆ ಆ ಪೆಟ್ಟಿಗೆಯ ಫೋಟೋಗೆ ಆತನೇ ಮಲಗಿ ಪೋಸ್ ಕೊಟ್ಟಿದ್ದ ಅನ್ನೋದನ್ನೂ ಸೇರಿಸು.

ಇನ್ನೊಂದು ವಿಷಯ ನಿನ್ನ ಕರಡಿನಲ್ಲಿ ಪೂರ್ತಿ ಬಿಟ್ಟುಹೋಗಿದೆ. ಆತ ತನ್ನವರನ್ನು ಬಿಟ್ಟ ಅನ್ನೋ ಮಾತು ಕಪ್ಪು ಜನರಿಂದಲೂ ಬಂದಿತ್ತು. 1987ರಲ್ಲಿ ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ ಕಪ್ಪು ವಿಮರ್ಶಕ ಗ್ರೆಗ್ ಟೇಟ್ ತುಂಬಾ ಕಟುವಾಗಿ ಬರೆದರು. ಆತ ಸತ್ತಾಗ ಅದೇ ಟೇಟ್ ಅದೇ ಪತ್ರಿಕೆಯಲ್ಲಿ ಪ್ರೀತಿ, ದುಃಖ ತುಂಬಿದ ಇನ್ನೊಂದು ಲೇಖನ ಬರೆದರು. ಅವೆರಡನ್ನೂ ಹುಡುಕಿ ಓದು. ತಮ್ಮವನೊಬ್ಬ ಕೈಬಿಟ್ಟು ಹೋಗುತ್ತಿದ್ದಾನೆ ಅನ್ನೋ ಸಂಕಟ ಮೊದಲನೆಯದರಲ್ಲಿ ಇದೆ. ಅದನ್ನು ಹೊಟ್ಟೆಕಿಚ್ಚು ಅಂತ ತಳ್ಳಿಹಾಕಬೇಡ.

ಆ ಸಂಕಟಕ್ಕೆ ಉತ್ತರ ಹಾಡಿನಲ್ಲೇ ಸಿಗುತ್ತದೆ ಅಂತ ನನ್ನ ನಂಬಿಕೆ. ನನ್ನ ಪ್ರಕಾರ ನಿನ್ನ ಲೇಖನದ ಎದೆ ಇದಾಗಬೇಕು. ಚರ್ಮ ಬಿಳಿಯಾಗುತ್ತಾ ಹೋದ ವರ್ಷಗಳಲ್ಲಿ ಆತನ ಸಂಗೀತ ಯಾವ ಕಡೆ ಹೋಯಿತು, ನೋಡು. ‘ಥ್ರಿಲ್ಲರ್’ನ ಮೊದಲ ಹಾಡಿನ ಕೊನೆಯಲ್ಲೇ ಆಫ್ರಿಕಾದ ದನಿ ಇತ್ತು. ಕ್ಯಾಮರೂನ್ ದೇಶದ ಮನು ಡಿಬಾಂಗೊ ಅವರ ‘ಸೋಲ್ ಮಕೋಸಾ’ದ ಪಲುಕು ಅದು. ಕೇಳದೆ ತೆಗೆದುಕೊಂಡದ್ದಕ್ಕೆ ದಾವೆ ಆಯಿತು, ಹಣ ಕೊಟ್ಟು ಇತ್ಯರ್ಥ ಮಾಡಿಕೊಂಡರು, ಅದನ್ನೂ ಬರೆ. 1987ರ ‘ಮ್ಯಾನ್ ಇನ್ ದ ಮಿರರ್’ನಲ್ಲಿ ಆಂಡ್ರೇ ಕ್ರೌಚ್ ಅವರ ಗಾಸ್ಪೆಲ್ ತಂಡ ಹಾಡುತ್ತದೆ. ಶ್ರುತಿ ಅರ್ಧ ಸ್ವರ ಮೇಲಕ್ಕೆ ಏರಿದ ಮೇಲೆ ಆತ ಕೂಗುತ್ತಾನೆ, ತಂಡ ಓಗೊಡುತ್ತದೆ. ಕಪ್ಪು ಜನರ ಚರ್ಚುಗಳ ಭಾನುವಾರದ ಪದ್ಧತಿ ಅದು. 1991ರ ‘ಡೇಂಜರಸ್’ಗೆ ಆತ ಕ್ವಿನ್ಸಿ ಜೋನ್ಸ್ ಬದಲು ನ್ಯೂಯಾರ್ಕಿನಲ್ಲಿ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ ಇಪ್ಪತ್ತರ ಹರೆಯದ ಟೆಡ್ಡಿ ರೈಲಿಯನ್ನು ಕರೆಸಿದ. ಬೀದಿಯ ಹಿಪ್-ಹಾಪ್ ಬೀಟ್ ಬಂತು. ‘ರಿಮೆಂಬರ್ ದ ಟೈಮ್’ ವಿಡಿಯೋವನ್ನು ಕಪ್ಪು ನಿರ್ದೇಶಕ ಜಾನ್ ಸಿಂಗಲ್ಟನ್ ಕೈಗೆ ಕೊಟ್ಟ. ಅದರಲ್ಲಿ ಈಜಿಪ್ಟಿನ ರಾಜ ಎಡ್ಡಿ ಮರ್ಫಿ, ರಾಣಿ ಸೊಮಾಲಿಯಾದ ಇಮಾನ್. 1996ರಲ್ಲಿ ಇನ್ನೊಬ್ಬ ಕಪ್ಪು ನಿರ್ದೇಶಕ ಸ್ಪೈಕ್ ಲೀ ಜೊತೆ ಬ್ರೆಜಿಲ್‌ನ ಸಾಲ್ವಡಾರ್‌ಗೆ ಹೋಗಿ, ಅಲ್ಲಿನ ಕಪ್ಪು ಜನರ ಓಲೊಡಂ ತಂಡದ ಡೋಲುಗಳ ನಡುವೆ ನಿಂತು ‘ದೇ ಡೋಂಟ್ ಕೇರ್ ಅಬೌಟ್ ಅಸ್’ ಹಾಡಿದ. ಆ ಹಾಡನ್ನು ಕಪ್ಪು ಜನರ ಪ್ರತಿಭಟನೆಗಳಲ್ಲಿ ಆಮೇಲೂ ಕೂಗಿದರು. ಮುಖ ಎಷ್ಟು ಬಿಳಿಯಾಯಿತೋ ಹಾಡು ಅಷ್ಟೇ ಗಟ್ಟಿಯಾಗಿ ತನ್ನವರ ಕಡೆ ತಿರುಗಿತು. ಇದನ್ನು ಹೇಳಲು ಆತನ ಮನಸ್ಸಿನೊಳಗೆ ಇಣುಕುವ ಅಗತ್ಯವಿಲ್ಲ. ಹಾಡು ಎದುರಿಗೇ ಇದೆ.

ಅದೇ ಓಪ್ರಾ ಸಂದರ್ಶನದಲ್ಲಿ ಇನ್ನೊಂದು ಮಾತು ಬಂತು. ಒಂದು ಜಾಹೀರಾತಿನಲ್ಲಿ ತನ್ನ ಬಾಲ್ಯದ ಪಾತ್ರ ಮಾಡಲು ಬಿಳಿಯ ಹುಡುಗ ಬೇಕು ಅಂತ ಆತ ಕೇಳಿದ್ದ ಅನ್ನೋ ಗಾಳಿಸುದ್ದಿ. ನಾನು ಕಪ್ಪು ಅಮೆರಿಕನ್, ನನ್ನ ಪಾತ್ರಕ್ಕೆ ಬಿಳಿಯ ಹುಡುಗ ಯಾಕೆ ಅಂತ ನೊಂದುಕೊಂಡು ಕೇಳಿದ. ಆತ ಸತ್ತ ಮೇಲೆ ಬ್ರಿಟನ್ನಿನ ಒಂದು ಟಿವಿ ಕಾರ್ಯಕ್ರಮದಲ್ಲಿ ಆತನ ಪಾತ್ರವನ್ನು ಬಿಳಿಯ ನಟ ಜೋಸೆಫ್ ಫೈನ್ಸ್ ಮಾಡಿದರು. ಮಗಳು ಪ್ಯಾರಿಸ್ ಬೇಸರಪಟ್ಟಳು. 2017ರ ಜನವರಿಯಲ್ಲಿ ಸ್ಕೈ ಚಾನೆಲ್ ಆ ಕಂತನ್ನೇ ಕೈಬಿಟ್ಟಿತು. ಇದು ನಿನ್ನ ಲೇಖನದಲ್ಲಿ ಇರಲೇಬೇಕು.

ಕೊನೆಗೆ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ ಅಂತ ಆತನ ಮೇಲೆ ಬಂದ ಆರೋಪಗಳು. ‘ಕಪ್ಪು ಮನುಷ್ಯ ಅಂತ ಹೀಗೆ ಮಾಡಿದರು’ ಅಂತ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀಯ. ಹಾಗೆ ದಾಟಬೇಡ. 1993ರ ಆರೋಪದ ಮೇಲಿನ ಸಿವಿಲ್ ದಾವೆ 1994ರಲ್ಲಿ ಹಣ ಕೊಟ್ಟು ಮುಗಿಯಿತು. 2005ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಮರಿಯಾದಲ್ಲಿ ಇನ್ನೊಬ್ಬ ಹುಡುಗನ ಪ್ರಕರಣದ ವಿಚಾರಣೆ ನಡೆದು ಜ್ಯೂರಿ ಎಲ್ಲ ಆರೋಪಗಳಿಂದಲೂ ಬಿಡುಗಡೆ ಮಾಡಿತು. 2019ರ ಸಾಕ್ಷ್ಯಚಿತ್ರದಲ್ಲಿ ಇಬ್ಬರು ಗಂಡಸರು ತಮ್ಮ ಬಾಲ್ಯದಲ್ಲಿ ದೌರ್ಜನ್ಯ ನಡೆಯಿತು ಅಂದರು. ಆತನ ಆಸ್ತಿ ನೋಡಿಕೊಳ್ಳುವವರು ಅದನ್ನು ಒಪ್ಪುವುದಿಲ್ಲ. ಹೀಗೆ ಎಲ್ಲವನ್ನೂ ಇದ್ದ ಹಾಗೆ ಬರೆ. ಜನಾಂಗದ ಕಾರಣಕ್ಕೆ ಆತನಿಗೆ ಅನ್ಯಾಯ ಆಗಿದ್ದು ನಿಜ. ಆ ನಿಜವನ್ನು ಈ ಪ್ರಶ್ನೆಯ ಮೇಲೆ ಹೊದಿಸಿ ಮುಚ್ಚಬೇಡ. ಆರೋಪ ಇದೆ ಅಂತ ಎಂಟಿವಿಯ ಬೇಲಿಯನ್ನೂ ತೊನ್ನಿನ ಅವಮಾನವನ್ನೂ ಸುಳ್ಳು ಮಾಡಲೂಬೇಡ. ಆ ಇಬ್ಬರ ಬಗ್ಗೆ ‘ದುಡ್ಡಿಗಾಗಿ’ ಅಂತ ಬರೆದಿರುವ ಸಾಲನ್ನು ಇವತ್ತೇ ಹೊಡೆದುಹಾಕು. ಚಿಕ್ಕವರಿದ್ದಾಗ ಇಂಥದ್ದನ್ನು ಅನುಭವಿಸಿ ಬಾಯಿಬಿಡದೆ ಉಳಿದವರು ನಿನ್ನ ಓದುಗರಲ್ಲೂ ಇರುತ್ತಾರೆ.

ಮೂಗಿನ ಭಾಗವನ್ನು ಒಂದು ಪ್ಯಾರಾಕ್ಕೆ ಇಳಿಸು, ‘ಡೇಂಜರಸ್’ ಭಾಗವನ್ನು ಎರಡು ಪುಟಕ್ಕೆ ಹಿಗ್ಗಿಸು. ಬರೆಯುವ ಮೊದಲು ಆ ಆಲ್ಬಮ್ಮನ್ನು ಇಯರ್‌ಫೋನ್ ಹಾಕಿಕೊಂಡು ಪೂರ್ತಿ ಕೇಳು. ಹೊಸ ಕರಡು ಕೈಗೆ ಬಂದ ವಾರದಲ್ಲೇ ಓದಿ ಬರೆಯುತ್ತೇನೆ.

ನಿನ್ನ,
ಅಕ್ಕ